ನಾಲ್ಕು ಹೊಣೆ, ಒಂದೇ ಗಡಿಯಾರ

ವಿದ್ಯೆ, ದೇಶಸೇವೆ, ವಿನೋದ, ದಾಂಪತ್ಯ: ಈ ನಾಲ್ಕನ್ನೂ ಒಬ್ಬರೇ ಏಕಕಾಲದಲ್ಲಿ ನಿರ್ವಹಿಸುವುದು ಸಾಧ್ಯವೆ? ಅಮೆರಿಕದ ಮೀಸಲು ಸೇನೆಗೆ ಸೇರಿದ ವಿವಾಹಿತ ವೈದ್ಯ ವಿದ್ಯಾರ್ಥಿಯ ಬಾಳನ್ನು ನಿದರ್ಶನವಾಗಿ ತೆಗೆದುಕೊಳ್ಳೋಣ.

ಅಲ್ಲಿ ವೈದ್ಯ ಶಿಕ್ಷಣವು ಸಾಮಾನ್ಯವಾಗಿ ಪದವಿಯ ಮೇಲೆ 4 ವರ್ಷ. ಮೊದಲು ತರಗತಿ, ಅನಂತರ ಆಸ್ಪತ್ರೆಯ ವಾರ್ಡು. ಮೀಸಲು ಸೈನಿಕರಿಗೆ ವಾಡಿಕೆಯಂತೆ ತಿಂಗಳಿಗೊಂದು ವಾರಾಂತ್ಯ, ವರ್ಷಕ್ಕೆ 2 ವಾರ ತರಬೇತಿ. ಕೂಡಿದರೆ ಸುಮಾರು 38 ದಿನ. ಅಂಕಿ ಅಲ್ಪವೇ ಸರಿ. ಆದರೆ ಅದರಲ್ಲಿ 24 ದಿನಗಳು ಶನಿವಾರ, ಭಾನುವಾರಗಳು. ಮನೆಯವರ ಪಾಲಿನ ದಿನಗಳು.

ಪರೀಕ್ಷೆಗೆ ತಾರೀಖುಂಟು, ಕವಾಯತಿಗೆ ಹಾಜರಿಯುಂಟು. ಆಟಕ್ಕೂ ಸಂಸಾರಕ್ಕೂ ಕರೆಯುವ ಗಂಟೆಯಿಲ್ಲ. ಆದ್ದರಿಂದ ಮೊದಲು ಸೊರಗುವುವು ಅವೇ. ದುಡಿಮೆಯು ತಾನಾಗಿ ಬಿಡುವು ಕೊಡುವುದಿಲ್ಲ. ಪದವಿಯ ತರುವಾಯ ಆಸ್ಪತ್ರೆಗಳಲ್ಲಿ ತರಬೇತಿ ಪಡೆಯುವ ವೈದ್ಯರಿಗೆ ವಾರಕ್ಕೆ ಸರಾಸರಿ 80 ಗಂಟೆಗಳ ಮಿತಿಯನ್ನು ಅಲ್ಲಿ 2003ರಲ್ಲಿ ದೇಶಾದ್ಯಂತ ವಿಧಿಸಬೇಕಾಯಿತು!

ಉಪಾಯವೇನು? ಪರೀಕ್ಷೆ, ಕವಾಯತುಗಳ ತಾರೀಖು ಸಾಮಾನ್ಯವಾಗಿ ಮುಂಚೆಯೇ ಗೊತ್ತಿರುತ್ತದೆ. ಪತಿಪತ್ನಿಯರು ಕೂಡಿ ಕುಳಿತು ಅವನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ, ತಮ್ಮ ದಿನವನ್ನೂ ಆಟದ ಹೊತ್ತನ್ನೂ ಅಷ್ಟೇ ಖಚಿತವಾಗಿ ಬರೆದಿಡಬೇಕು.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಅಂತಿಮ ಪರೀಕ್ಷೆಯ ಜೊತೆಗೇ ಮನೆಯಲ್ಲಿ ನನ್ನ ಮದುವೆಯ ಮಾತೂ ನಡೆದಿದೆ. "ಮುಂದೆ ಓದೋ, ಸಂಸಾರವೋ?" ಎಂದು ಹಿರಿಯರು ಕೇಳುತ್ತಾರೆ. ಈ ವಿಷಯವನ್ನು ಅಭ್ಯಸಿಸಿದ ಮೇಲೆ ನಾನೂ ಒಂದು ಪ್ರಶ್ನೆ ಕೇಳಬೇಕೆಂದಿದ್ದೇನೆ: ಬರುವ ವರನು ನನ್ನೊಡನೆ ಕುಳಿತು ಕ್ಯಾಲೆಂಡರು ತೆರೆಯಬಲ್ಲನೆ?