1929ರ ಮಹಾ ಆರ್ಥಿಕ ಕುಸಿತ: ಮುಚ್ಚಿದ ಬ್ಯಾಂಕುಗಳು ಮತ್ತೆ ತೆರೆದದ್ದು ಹೇಗೆ?

ಅರ್ಥಶಾಸ್ತ್ರ ಪಾಠದಲ್ಲಿ 1929ರ ಮಹಾ ಆರ್ಥಿಕ ಕುಸಿತದ ಹೆಸರು ಕೀನ್ಸ್ ಜೊತೆಗೆ ಬರುತ್ತದೆ. ಎರಡು ಅಂಕದ ಉತ್ತರ ಬರೆದು ನಾವು ಮುಂದೆ ಹೋಗುತ್ತೇವೆ. ಅದೇ ಕಥೆಯನ್ನು ಬ್ಯಾಂಕಿನ ಕಡೆಯಿಂದ ನೋಡಿದರೆ ವಾಣಿಜ್ಯ ವಿದ್ಯಾರ್ಥಿಗಳಿಗೆ ಕಲಿಯಲು ಬಹಳ ಇದೆ.

ಕುಸಿತ

1920ರ ದಶಕದಲ್ಲಿ ಅಮೆರಿಕದ ಅನೇಕರು ಸಾಲ ಮಾಡಿ ಷೇರು ಕೊಂಡಿದ್ದರು. 1929ರ ಅಕ್ಟೋಬರ್ ಕೊನೆಯಲ್ಲಿ ನ್ಯೂಯಾರ್ಕ್ ಷೇರುಪೇಟೆ ಕುಸಿಯಿತು. ಜನ ಖರ್ಚು ಕಡಿಮೆ ಮಾಡಿದರು. ಸರಕು ಮಾರಾಟವಾಗದೆ ಕಾರ್ಖಾನೆಗಳು ಕೆಲಸಗಾರರನ್ನು ತೆಗೆದವು. ಕೆಲಸ ಹೋದವರು ಕೊಳ್ಳುವುದನ್ನು ನಿಲ್ಲಿಸಿದಾಗ ಬೇಡಿಕೆ ಇನ್ನೂ ಇಳಿಯಿತು. 1933ರ ಹೊತ್ತಿಗೆ ದುಡಿಯುವ ನಾಲ್ವರಲ್ಲಿ ಸುಮಾರು ಒಬ್ಬರಿಗೆ ಕೆಲಸವಿರಲಿಲ್ಲ.

ಬ್ಯಾಂಕಿನ ಬಾಗಿಲಲ್ಲಿ ಸಾಲು

ಬ್ಯಾಂಕಿನ ಬ್ಯಾಲೆನ್ಸ್ ಶೀಟ್ ನೆನಪಿಸಿಕೊಳ್ಳಿ. ನಮ್ಮ ಠೇವಣಿ ಅದಕ್ಕೆ ಹೊಣೆ, ಅದು ಕೊಟ್ಟ ಸಾಲ ಅದಕ್ಕೆ ಆಸ್ತಿ. ಠೇವಣಿ ಕೇಳಿದ ದಿನ ಕೊಡಬೇಕು, ಸಾಲ ಮಾತ್ರ ನಿಧಾನವಾಗಿ ವಾಪಸ್ ಬರುತ್ತದೆ. ಆದ್ದರಿಂದ ಎಲ್ಲರೂ ಒಂದೇ ದಿನ ಬಂದು ಹಣ ಕೇಳಿದರೆ ಒಳ್ಳೆಯ ಬ್ಯಾಂಕೂ ನಿಲ್ಲುವುದಿಲ್ಲ. ಅಮೆರಿಕದಲ್ಲಿ ಹೀಗೇ ಆಯಿತು. 1930ರಿಂದ 1933ರವರೆಗೆ ಸುಮಾರು 9,000 ಬ್ಯಾಂಕುಗಳು ಮುಳುಗಿದವು. ಜೀವನಪೂರ್ತಿ ಕೂಡಿಟ್ಟ ಹಣ ಎಷ್ಟೋ ಮನೆಗಳಿಗೆ ಮರಳಲಿಲ್ಲ.

ಸರ್ಕಾರ ಮಾಡಿದ್ದೇನು?

ಫ್ರಾಂಕ್ಲಿನ್ ರೂಸ್‌ವೆಲ್ಟ್ 1933ರ ಮಾರ್ಚ್ 4ರಂದು ಅಧ್ಯಕ್ಷರಾದರು. ಎರಡೇ ದಿನದಲ್ಲಿ ದೇಶದ ಎಲ್ಲ ಬ್ಯಾಂಕುಗಳಿಗೆ ರಜೆ ಘೋಷಿಸಿದರು. ಪರಿಶೀಲನೆಯಲ್ಲಿ ಗಟ್ಟಿ ಎಂದು ಕಂಡ ಬ್ಯಾಂಕುಗಳಿಗೆ ಮಾತ್ರ ತೆರೆಯಲು ಅನುಮತಿ ಸಿಕ್ಕಿತು. ಮಾರ್ಚ್ 12ರಂದು ಅವರು ರೇಡಿಯೋದಲ್ಲಿ, ಬ್ಯಾಂಕು ಹೇಗೆ ಕೆಲಸ ಮಾಡುತ್ತದೆ ಎಂದು ಸರಳ ಮಾತಿನಲ್ಲಿ ವಿವರಿಸಿದರು. ಮರುದಿನ ಬ್ಯಾಂಕುಗಳು ತೆರೆಯತೊಡಗಿದವು. ಮನೆಯಲ್ಲಿ ಬಚ್ಚಿಟ್ಟಿದ್ದ ಹಣದ ಅರ್ಧಕ್ಕಿಂತ ಹೆಚ್ಚು ಎರಡೇ ವಾರದಲ್ಲಿ ವಾಪಸ್ ಬಂತು.

ಮಾತಿನ ಹಿಂದೆ ಕಾನೂನೂ ಬಂತು. 1934ರ ಜನವರಿ 1ರಿಂದ ಪ್ರತಿ ಠೇವಣಿದಾರನ 2,500 ಡಾಲರ್‌ವರೆಗಿನ ಹಣಕ್ಕೆ ವಿಮೆ ಸಿಕ್ಕಿತು. ಆ ವರ್ಷ ವಿಮೆ ಇದ್ದ ಬ್ಯಾಂಕುಗಳಲ್ಲಿ ಮುಳುಗಿದ್ದು ಒಂಬತ್ತು ಮಾತ್ರ. ಜೊತೆಗೆ ನಿರುದ್ಯೋಗಿ ಯುವಕರಿಗೆ ಕಾಡು ಬೆಳೆಸುವ, ಮಣ್ಣು ಉಳಿಸುವ ಕೆಲಸ ಕೊಟ್ಟರು. ತಿಂಗಳಿಗೆ 30 ಡಾಲರ್ ಕೂಲಿ, ಅದರಲ್ಲಿ ಸಾಮಾನ್ಯವಾಗಿ 25 ಡಾಲರ್ ಮನೆಗೆ ಹೋಗುತ್ತಿತ್ತು.

ಎಲ್ಲವೂ ಸರಿಹೋಯಿತು ಎನ್ನುವಂತಿಲ್ಲ. 1935ರ ಸಾಮಾಜಿಕ ಭದ್ರತಾ ಕಾಯ್ದೆ ಕೃಷಿ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟಿತು. ಅವರಲ್ಲಿ ಕಪ್ಪು ಜನರು ಬಹಳ ಮಂದಿ. 1937ರಲ್ಲಿ ಸರ್ಕಾರ ಖರ್ಚು ಕಡಿತ ಮಾಡಿದಾಗ ನಿರುದ್ಯೋಗ ಮತ್ತೆ ಏರಿತು. ಅದು ಪೂರ್ತಿ ಇಳಿದದ್ದು ಎರಡನೇ ಮಹಾಯುದ್ಧದ ಉತ್ಪಾದನೆ ಶುರುವಾದ ಮೇಲೆ.

ನಮ್ಮ ದೇಶದಲ್ಲಿ

ಭಾರತದಲ್ಲಿ 1960ರಲ್ಲಿ ಕೇರಳದ ಪಾಲಾಯ್ ಸೆಂಟ್ರಲ್ ಬ್ಯಾಂಕ್ ಮುಳುಗಿತು. 1962ರಲ್ಲಿ ಠೇವಣಿ ವಿಮೆ ಬಂತು, ಆಗ ಮಿತಿ 1,500 ರೂಪಾಯಿ. 2020ರಿಂದ ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರನಿಗೆ 5 ಲಕ್ಷ ರೂಪಾಯಿ. ಉಳಿತಾಯ ಖಾತೆಗೂ, ಬಡ್ಡಿ ಬೇಡವೆಂದು ನಮ್ಮಲ್ಲಿ ಕೆಲವರು ಇಡುವ ಚಾಲ್ತಿ ಖಾತೆಗೂ ಇದು ಅನ್ವಯಿಸುತ್ತದೆ. ಸಹಕಾರ ಬ್ಯಾಂಕುಗಳಿಗೂ ಇದೆ. ಆದರೆ ಪತ್ತಿನ ಸಹಕಾರ ಸಂಘದ ಠೇವಣಿಗೆ, ಮೊಹಲ್ಲಾದ ಚೀಟಿ ಹಣಕ್ಕೆ ಇಲ್ಲ.

ಸ್ನೇಹಿತರೇ, ಇಂದು ಮನೆಗೆ ಹೋಗಿ ಒಂದು ಪ್ರಶ್ನೆ ಕೇಳಿ: ನಮ್ಮ ಉಳಿತಾಯ ಎಲ್ಲಿದೆ, ಅದಕ್ಕೆ ವಿಮೆ ಇದೆಯೇ?