ಕಡಲಿಗೆ ತಲೆ ಲೆಕ್ಕ, ರಸ್ತೆಗೆ ಗಾಡಿ ಲೆಕ್ಕ

ಪ್ರವಾಸದ ಖರ್ಚಿನಲ್ಲಿ ಎರಡು ಜಾತಿ. ಒಂದು ತಲೆಗಿಷ್ಟು ಅಂತ ಬೀಳುವುದು: ಊಟ, ರೈಲು ಟಿಕೆಟ್, ಬೋಟಿನ ಸೀಟು. ಇನ್ನೊಂದು ಒಟ್ಟಿಗೆ ಇಷ್ಟು ಅಂತ ಬೀಳುವುದು: ರೂಮು, ಟ್ಯಾಕ್ಸಿ. ಕಾರಿನಲ್ಲಿ ಒಬ್ಬರು ಕೂತರೂ ನಾಲ್ವರು ಕೂತರೂ ಡೀಸೆಲ್ ಅಷ್ಟೇ. ಪ್ಯಾಕೇಜ್ ಮಾರುವವರ ಜಾಣತನ ಇರುವುದು ಈ ಎರಡನೆಯ ಜಾತಿಯನ್ನು ಮೊದಲನೆಯದರೊಳಗೆ ಸೇರಿಸಿ, ಎಲ್ಲವನ್ನೂ ತಲೆಗಿಷ್ಟು ಅಂತ ಹೇಳುವುದರಲ್ಲಿ. ತಪ್ಪೇನಿಲ್ಲ, ಅದು ವ್ಯಾಪಾರ. ಬಿಡಿಸಿ ನೋಡುವುದು ನಮ್ಮ ಕೆಲಸ.

ನಾವು ನೇತ್ರಾಣಿ ದ್ವೀಪಕ್ಕೆ ಹೊರಟಾಗ ನನ್ನ ಮುಂದೆ ಬಂದದ್ದು ಇಂಥದ್ದೇ ಒಂದು ಪ್ಯಾಕೇಜ್. ಬೆಳಗ್ಗೆ ಬೋಟಿನಲ್ಲಿ ದ್ವೀಪಕ್ಕೆ ಹೋಗಿ ಸ್ನಾರ್ಕೆಲಿಂಗ್, ಮಧ್ಯಾಹ್ನ ಊಟ, ಆಮೇಲೆ ಸಂಜೆಯವರೆಗೆ ಕರಾವಳಿ ಸುತ್ತಾಟ. ತಲೆಗೆ 3,900 ರೂಪಾಯಿ. ನಾನು, ಹೆಂಡತಿ, ಕಾಲೇಜು ಓದುವ ಮಗಳು, ಜೊತೆಗೆ ಅಮ್ಮ. ಅಮ್ಮ ಬೋಟ್ ಹತ್ತುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟಿದ್ದರು. ಅದನ್ನು ಫೋನಿನಲ್ಲಿ ತಿಳಿಸಿದರೆ ಆ ಕಡೆಯಿಂದ, ‘ಸೀಟು ಸೀಟೇ ಅಲ್ವಾ ಸರ್, ಗಾಡೀಲಿ ಬರ್ತಾರಲ್ಲ’ ಎಂಬ ಉತ್ತರ. ನಾಲ್ವರಿಗೆ 15,600.

ಬಿಡಿಬಿಡಿಯಾಗಿ ವಿಚಾರಿಸಿದೆ. ಸ್ನಾರ್ಕೆಲಿಂಗ್ ಮಾತ್ರ ಆದರೆ ತಲೆಗೆ 2,500, ಮೂವರಿಗೆ 7,500. ಮಧ್ಯಾಹ್ನ ಎರಡರಿಂದ ರಾತ್ರಿ ಎಂಟರವರೆಗೆ ಅಲ್ಲಿನದೇ ಟ್ಯಾಕ್ಸಿ 2,200. ನಾಲ್ವರ ಊಟ 800. ಮುರುಡೇಶ್ವರ ದೇವಸ್ಥಾನದ ರಾಜಗೋಪುರದ ಲಿಫ್ಟಿಗೆ ತಲೆಗೆ 20ರಂತೆ 80. ಒಟ್ಟು 10,580. ಅಂದರೆ ಐದು ಸಾವಿರ ರೂಪಾಯಿ ವ್ಯತ್ಯಾಸ! ಈ ದರಗಳು ನಮಗೆ ಸಿಕ್ಕಿದವು, ನಿಮಗೆ ಹೆಚ್ಚು ಕಡಿಮೆ ಆದೀತು. ಲೆಕ್ಕದ ದಾರಿ ಬದಲಾಗುವುದಿಲ್ಲ.

ಹಾಗಂತ ಪ್ಯಾಕೇಜ್ ಯಾರಿಗೂ ಬೇಡ ಎನ್ನಲಾರೆ. ಇದೇ ದರದಲ್ಲಿ ಒಬ್ಬರೇ ಹೋದರೆ ಬಿಡಿ ಲೆಕ್ಕ 4,920ಕ್ಕೆ ಮುಟ್ಟುತ್ತದೆ, ಏಕೆಂದರೆ ಟ್ಯಾಕ್ಸಿಯ ಪೂರ್ತಿ ಭಾರ ಒಬ್ಬರ ಮೇಲೆ. ಆಗ 3,900ರ ಪ್ಯಾಕೇಜೇ ಲಾಭ. ಇಬ್ಬರಾದರೆ 7,640 ಮತ್ತು 7,800, ಹೆಚ್ಚುಕಡಿಮೆ ಸರಿಸಮ. ಮೂವರಿಂದ ಮೇಲಕ್ಕೆ ಬಿಡಿಯಾಗಿ ಕೊಳ್ಳುವುದೇ ಸೈ. ಒಂಟಿಯಾಗಿ ತಿರುಗುವ ನನ್ನ ಸಹೋದ್ಯೋಗಿಯೊಬ್ಬರಿಗೆ ಪ್ಯಾಕೇಜನ್ನೇ ತೆಗೆದುಕೊಳ್ಳಿ ಎಂದು ಹೇಳಿದವನೂ ನಾನೇ.

ದುಡ್ಡಿಗಿಂತ ದೊಡ್ಡ ತಕರಾರು ನನಗಿದ್ದದ್ದು ಹೊತ್ತಿನ ಬಗ್ಗೆ. ನೇತ್ರಾಣಿ ಇರುವುದು ಭಟ್ಕಳ ತಾಲ್ಲೂಕಿನ ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ದೂರದ ಕಡಲಿನಲ್ಲಿ. ಬೋಟಿಗೆ ಹೋಗಲು ಒಂದೂವರೆ ಗಂಟೆ, ಬರಲು ಅಷ್ಟೇ. ಬೆಳಗ್ಗೆ ಎಂಟೂವರೆಗೆ ಹೊರಟರೆ ಮರಳಿ ದಡ ಕಾಣುವ ಹೊತ್ತಿಗೆ ಒಂದೂವರೆ. ಅಷ್ಟು ಹೊತ್ತಿಗೆ ದೇವಸ್ಥಾನಗಳು ಮಧ್ಯಾಹ್ನದ ಬಾಗಿಲು ಹಾಕಿರುತ್ತವೆ. ಪ್ಯಾಕೇಜಿನ ಪಟ್ಟಿಯಲ್ಲೋ ಮುರುಡೇಶ್ವರ, ಇಡಗುಂಜಿ, ಅಪ್ಸರಕೊಂಡ, ಕಾಸರಕೋಡು, ಮಿರ್ಜಾನ್ ಕೋಟೆ, ಮರವಂತೆ! ಮಿರ್ಜಾನ್ ಉತ್ತರಕ್ಕೆ ಕುಮಟಾದ ಆಚೆ. ಮರವಂತೆ ದಕ್ಷಿಣಕ್ಕೆ ಕುಂದಾಪುರದ ದಿಕ್ಕಿನಲ್ಲಿ. ಒಂದೇ ಮಧ್ಯಾಹ್ನದಲ್ಲಿ ಎರಡೂ ಹೇಗೆ? ನಮ್ಮ ಟ್ಯಾಕ್ಸಿ ಚಾಲಕರಿಗೆ ಪಟ್ಟಿ ಓದಿ ಹೇಳಿದೆ. ‘ಅಷ್ಟೆಲ್ಲಾ ಆಗೂದಿಲ್ಲ ಸರ್. ಒಂದಾ ಆ ಬದಿ, ಇಲ್ಲಾ ಈ ಬದಿ’ ಎಂದರು. ಆರು ಸ್ಥಳದ ಹೆಸರಿಗೆ ದುಡ್ಡು ಕೊಟ್ಟು ಮೂರನ್ನು ಕಾರಿನ ಕಿಟಕಿಯಿಂದ ನೋಡುವುದು ಉಳಿತಾಯವೂ ಅಲ್ಲ, ಪ್ರವಾಸವೂ ಅಲ್ಲ.

ನಾವು ಉತ್ತರದ ಬದಿ ಹಿಡಿದೆವು. ಅಪ್ಸರಕೊಂಡದಲ್ಲಿ ಗುಡ್ಡದ ಮೇಲಿನಿಂದ ಕಡಲು ಕಾಣುತ್ತದೆ, ಪ್ರವೇಶಕ್ಕೆ ಹೆಚ್ಚೇನೂ ಖರ್ಚಿಲ್ಲ. ಕಾಸರಕೋಡಿನ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲಾಗ್ ಮಾನ್ಯತೆ ಸಿಕ್ಕಿತು. ರಾಜ್ಯದಿಂದ ಅದರ ಜೊತೆಗೆ ಸಿಕ್ಕ ಇನ್ನೊಂದು ಪಡುಬಿದ್ರಿ. ಉಪ್ಪುನೀರು ಮೆತ್ತಿದ ಮೈಯನ್ನು ಅಲ್ಲಿ ತೊಳೆದುಕೊಳ್ಳಬಹುದು, ಬಟ್ಟೆ ಬದಲಿಸಲು ಶುಚಿಯಾದ ಜಾಗವಿದೆ. ಹೊನ್ನಾವರದಲ್ಲಿ ಶರಾವತಿ ಹಿನ್ನೀರಿನ ಕಾಂಡ್ಲಾ ಕಾಡಿನ ನಡುವೆ ಮರದ ಹಲಗೆ ಹಾಸಿದ ಕಾಲುದಾರಿ ಇದೆ. ಅಮ್ಮನಿಗೆ ಇಡೀ ದಿನದಲ್ಲಿ ಮೆಚ್ಚುಗೆಯಾದ ಜಾಗ ಅದೇ. ಅವರು ಬೆಳಗ್ಗೆಯೇ ಮುರುಡೇಶ್ವರನ ದರ್ಶನ ಮುಗಿಸಿ, 123 ಅಡಿಯ ಶಿವನನ್ನು ಸುತ್ತಿ, ಇಪ್ಪತ್ತು ಅಂತಸ್ತಿನ ಗೋಪುರವನ್ನೂ ಹತ್ತಿ ಬಂದಿದ್ದರು. ಮೇಲಿನ ಲೆಕ್ಕದ ಹೊರಗೆ, ಅರ್ಧ ದಿನಕ್ಕೆ ಹಿಡಿದ ರೂಮಿಗೆ 1,200 ಆಯಿತು. ರಾತ್ರಿ ಪ್ರಯಾಣ ಮಾಡಿ ಬಂದವರಿಗೆ ಈ ರೂಮು ದುಂದು ಅಲ್ಲ. ನಾಲ್ವರ ಸ್ನಾನ, ಒದ್ದೆ ಬಟ್ಟೆ, ಅಮ್ಮನ ಮಧ್ಯಾಹ್ನದ ನಿದ್ದೆ ಎಲ್ಲ ಅದರೊಳಗೆ ಬಂತು.

ಚೌಕಾಸಿ ಏನಿದ್ದರೂ ದಡದಲ್ಲಿ. ಟ್ಯಾಕ್ಸಿಗೆ ಮಾಡಿ, ರೂಮಿಗೆ ಮಾಡಿ. ಬೋಟಿಗೆ ಮಾತ್ರ ಬೇಡ. ಐನೂರು ರೂಪಾಯಿ ಕಡಿಮೆ ಹೇಳುವವರು ಅದನ್ನು ಎಲ್ಲಿ ಉಳಿಸುತ್ತಾರೆ ಎಂದು ಯೋಚಿಸಿ: ಲೈಫ್ ಜಾಕೆಟ್ಟಿನಲ್ಲೋ, ನೀರಿಗಿಳಿಯುವ ಗೈಡ್‌ಗಳ ಸಂಖ್ಯೆಯಲ್ಲೋ, ಬೋಟಿಗೆ ತುಂಬುವ ತಲೆಗಳಲ್ಲೋ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಇದೇ ಮುರುಡೇಶ್ವರದ ಕಡಲಲ್ಲಿ ಮುಳುಗಿ ತೀರಿಕೊಂಡರು. ಅದು ದಡದ ಅಲೆಗಳಲ್ಲೇ ಆದ ದುರಂತ. ಅಲ್ಲಿಂದ ಹತ್ತೊಂಬತ್ತು ಕಿಲೋಮೀಟರ್ ಒಳಗೆ ಹೋಗುವಾಗ ಜಾಕೆಟ್ಟಿನ ಬಕಲ್ ಹಾಕಿ ಎಳೆದು ನೋಡುವುದಕ್ಕೆ ನಾಚಿಕೆ ಪಡಬಾರದು. ನಮ್ಮ ಬೋಟಿನಲ್ಲಿ ಮಗಳ ಜಾಕೆಟ್ಟಿನ ಒಂದು ಪಟ್ಟಿ ಸಡಿಲವಿತ್ತು, ಕೇಳಿದ ಕೂಡಲೇ ಬೇರೆಯದನ್ನು ಕೊಟ್ಟರು.

ಸ್ನಾರ್ಕೆಲಿಂಗಾ, ಸ್ಕೂಬಾನಾ? ನೇತ್ರಾಣಿ ಹೆಸರಾದದ್ದು ಸ್ಕೂಬಾಗೆ, ಅದರ ದರ ಹೆಚ್ಚುಕಡಿಮೆ ಎರಡು ಪಟ್ಟು. ಸ್ಕೂಬಾದಲ್ಲಿ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ, ಪಕ್ಕದಲ್ಲಿ ಗೈಡ್ ಹಿಡಿದುಕೊಂಡು ಕೆಳಗಿಳಿಸುತ್ತಾರೆ. ಸ್ನಾರ್ಕೆಲಿಂಗ್‌ನಲ್ಲಿ ಜಾಕೆಟ್ ತೊಟ್ಟು ನೀರಿನ ಮೇಲೆ ಬೋರಲಾಗಿ ತೇಲುತ್ತಾ, ಬಾಯಲ್ಲಿ ಕೊಳವೆ ಕಚ್ಚಿ ಉಸಿರಾಡುತ್ತಾ ಕೆಳಗೆ ನೋಡುವುದು. ಈಜು ಬಾರದವರೂ ಮಾಡಬಹುದು. ಆದರೆ ಮೇಲಿನಿಂದ ನೋಡುವವರಿಗೆ ನೀರು ತಿಳಿಯಾಗಿರಲೇಬೇಕು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಸಾಮಾನ್ಯವಾಗಿ ತಿಳಿ ಇರುತ್ತದೆ. ನೀರು ಕದಡಿದ ದಿನ 2,500 ಕೊಟ್ಟವರಿಗೆ ಹಸಿರು ಮಂಜು ಬಿಟ್ಟರೆ ಬೇರೇನೂ ಕಾಣುವುದಿಲ್ಲ, ಸ್ಕೂಬಾದವರು ಹೇಗೋ ಬಂಡೆಯ ಹತ್ತಿರ ಹೋಗಿ ನೋಡಿಕೊಂಡು ಬರುತ್ತಾರೆ. ಆದ್ದರಿಂದ ಬುಕ್ ಮಾಡುವ ಹಿಂದಿನ ದಿನ ‘ಇವತ್ತು ನೀರು ಹೇಗಿತ್ತು?’ ಎಂದು ಕೇಳಿ, ಅವತ್ತಿನ ವಿಡಿಯೊ ಕಳಿಸಿ ಎನ್ನಿ. ಮಾರುಕಟ್ಟೆಯಲ್ಲಿ ಮೀನಿನ ಕಿವಿರು ಎತ್ತಿ ನೋಡಿದ ಹಾಗೆ, ನೋಡಿಯೇ ಕೊಳ್ಳಬೇಕಾದ ಸರಕು ಇದು.

ನೀರಲ್ಲಿ ಇರುವುದು ಮುಕ್ಕಾಲು ಗಂಟೆಯೊಳಗೆ. ನಲವತ್ತು ನಿಮಿಷ ಎಂದುಕೊಂಡರೆ ನಿಮಿಷಕ್ಕೆ 62 ರೂಪಾಯಿ ಬಿತ್ತು. ಹಾಗಾಗಿ ಮಾಸ್ಕ್ ಸರಿ ಕೂರದೆ ಹತ್ತು ನಿಮಿಷ ಒದ್ದಾಡಿದರೆ ಆರುನೂರು ರೂಪಾಯಿ ಕಡಲಪಾಲು. ನನ್ನ ಮೀಸೆಯ ಸಂದಿನಲ್ಲಿ ನೀರು ನುಗ್ಗುತ್ತಿತ್ತು. ಬೋಟಿನ ಹುಡುಗ ಚಡ್ಡಿ ಜೇಬಿನಿಂದ ವ್ಯಾಸಲೀನ್ ಡಬ್ಬಿ ತೆಗೆದು, ‘ಮೀಸೆ ಇದ್ದವರಿಗೆಲ್ಲ ಹೀಗೇ ಸರ್, ಹಚ್ಕೊಳ್ಳಿ’ ಎಂದ. ಹಚ್ಚಿದೆ, ನಿಂತಿತು. ಗಾಜು ಮಬ್ಬಾಗದಂತೆ ಒಳಗೆ ಉಗುಳು ಸವರಿ ತೊಳೆಯುವುದನ್ನೂ ಅವನೇ ತೋರಿಸಿದ. ಕನ್ನಡಕದ ಮೇಲೆ ಮಾಸ್ಕ್ ಕೂರುವುದಿಲ್ಲ, ಪವರ್ ಇರುವ ಮಾಸ್ಕ್ ಇದೆಯೇ ಎಂದು ಮುಂಚೆಯೇ ಕೇಳಬೇಕು. ಇಷ್ಟಾದ ಮೇಲೆ ಮುಖ ನೀರಿಗಿಟ್ಟರೆ, ಕಪ್ಪು ಹಳದಿ ಪಟ್ಟೆಯ ಪುಟ್ಟ ಮೀನುಗಳ ಹಿಂಡು ಮೂಗಿನ ತುದಿಗೇ ಬಂದು ತಿರುಗಿತು. ಕೆಳಗೆ ಬಂಡೆಗೆ ಅಂಟಿದ ಹವಳವನ್ನು ಹಸಿರು ನೀಲಿ ಬಣ್ಣದ ಗಿಣಿಮೀನೊಂದು ಕಚ್ಚುತ್ತಿತ್ತು. ಅದಕ್ಕೆ ನಿಮಿಷಕ್ಕೆ 62 ಅಲ್ಲ, ಇನ್ನೂ ಹೆಚ್ಚು ಕೊಡಬಹುದಿತ್ತು ಅನಿಸಿತು. ದ್ವೀಪದ ಮೇಲೆ ಪ್ರವಾಸಿಗರನ್ನು ಇಳಿಸುವುದಿಲ್ಲ. ‘ದ್ವೀಪದಲ್ಲಿ ಸುತ್ತಾಟ’ ಎಂದು ಯಾರಾದರೂ ಬರೆದಿದ್ದರೆ ಅಲ್ಲೇ ಎಚ್ಚರಾಗಿ.

ಅರ್ಧ ಬೋಟು ವಾಂತಿ ಮಾಡಿತು. ಬೋಟು ಓಡುವಾಗ ಅಷ್ಟಿರುವುದಿಲ್ಲ. ಲಂಗರು ಹಾಕಿ ನಿಂತು ಹೊಯ್ದಾಡುವಾಗ ಹೊಟ್ಟೆ ತೊಳಸುತ್ತದೆ. ತಲೆಸುತ್ತಿನ ಮಾತ್ರೆಗೆ ಕೆಲವೇ ರೂಪಾಯಿ. ವೈದ್ಯರನ್ನು ಕೇಳಿ, ಹೊರಡುವ ಮುಂಚೆಯೇ ನುಂಗಬೇಕು, ವಾಂತಿ ಶುರುವಾದ ಮೇಲೆ ಅಲ್ಲ. ಪಕ್ಕದಲ್ಲಿದ್ದ ಇಬ್ಬರು ಐದೈದು ಸಾವಿರ ಕೊಟ್ಟು ಸ್ಕೂಬಾಗೆ ಬಂದವರು, ನೀರಿಗೇ ಇಳಿಯದೆ ಮರಳಿದರು.

ಇನ್ನು ಮುಂಗಡದ ಮಾತು. ಕಡಲು ಎದ್ದರೆ, ಗಾಳಿ ಜೋರಾದರೆ ಬೋಟು ಬಿಡುವುದಿಲ್ಲ, ಬಿಡಲೂಬಾರದು. ಆಗ ನಿಮ್ಮ ದುಡ್ಡಿನ ಗತಿ ಏನು? ಹಲವರು ‘ಡೇಟ್ ಬದಲಿಸಿ ಕೊಡ್ತೇವೆ’ ಎನ್ನುತ್ತಾರೆ. ಹೊನ್ನಾವರದವರಿಗೆ ಅದು ಸಾಕು. ರಾತ್ರಿಯಿಡೀ ಪ್ರಯಾಣ ಮಾಡಿ ಬೆಂಗಳೂರಿನಿಂದ ಬಂದವರಿಗೆ, ಸೋಮವಾರ ಆಫೀಸು ಇರುವವರಿಗೆ, ಬದಲಿಸಿದ ಡೇಟಿನ ಬೆಲೆ ಸೊನ್ನೆ. ಒಮ್ಮೆ ಇನ್ನೊಂದು ಕಡೆ ಹೀಗೇ ಆಗಿ, ಯುಪಿಐನಲ್ಲಿ ಪೂರ್ತಿ ಕಳಿಸಿದ ಹಣಕ್ಕಾಗಿ ನಾನು ತಿಂಗಳುಗಟ್ಟಲೆ ಮೆಸೇಜ್ ಹಾಕಿದ್ದುಂಟು. ಯುಪಿಐನಲ್ಲಿ ಒಮ್ಮೆ ಹೋದ ದುಡ್ಡನ್ನು ನೀವಾಗಿ ಹಿಂದೆ ಎಳೆಯಲು ಬರುವುದಿಲ್ಲ. ಕ್ರೆಡಿಟ್ ಕಾರ್ಡ್ ಆದರೆ ಸೇವೆ ಸಿಗದಿದ್ದಾಗ ಬ್ಯಾಂಕಿಗೆ ತಕರಾರು ಸಲ್ಲಿಸುವ ದಾರಿ ಇದೆ. ಮುಂಗಡ ಕಾಲುಭಾಗ ದಾಟದಿರಲಿ. ‘ಬೋಟು ಬಿಡದಿದ್ದರೆ ಪೂರ್ತಿ ಹಣ ವಾಪಸ್’ ಎಂಬುದನ್ನು ಅವರ ಕೈಯಲ್ಲೇ ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಜಿಎಸ್‌ಟಿ ಸೇರಿದೆಯೇ, ನೀರೊಳಗಿನ ಫೋಟೊ ವಿಡಿಯೊ ಸೇರಿದೆಯೇ ಎಂಬುದನ್ನೂ ಅಲ್ಲೇ ಕೇಳಿ.

ಬೋಟು ಹತ್ತುವ ಮೊದಲು ಒಂದು ಕಾಗದಕ್ಕೆ ಸಹಿ ಹಾಕಿಸುತ್ತಾರೆ. ಏನಾದರೂ ಆದರೆ ನನ್ನದೇ ಹೊಣೆ ಎಂಬ ಅರ್ಥದ ಕಾಗದ. ಎಲ್ಲರೂ ಹಾಕುತ್ತಾರೆ, ನಾನೂ ಹಾಕಿದೆ, ಹಾಕದೆ ಬೋಟು ಹತ್ತಿಸುವುದಿಲ್ಲ. ಅಷ್ಟಕ್ಕೇ ಅವರ ನಿರ್ಲಕ್ಷ್ಯಕ್ಕೆಲ್ಲ ಮಾಫಿ ಸಿಕ್ಕಿತು ಎಂದೇನೂ ಅಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನ್ಯಾಯದ ಕರಾರನ್ನು ಪ್ರಶ್ನಿಸಲು ಜಾಗವಿದೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ರೈಲು ಟಿಕೆಟ್ ಕಾಯ್ದಿರಿಸುವಾಗ 45 ಪೈಸೆಗೆ ಸಿಗುವ ವಿಮೆ ರೈಲು ಪ್ರಯಾಣಕ್ಕೆ ಮಾತ್ರ, ಬೋಟಿಗೆ ಬರುವುದಿಲ್ಲ. ನಾವು ದೊಡ್ಡ ಕಂತು ಕಟ್ಟುವ ಅಪಘಾತ ವಿಮೆ, ಪ್ರವಾಸ ವಿಮೆಗಳಲ್ಲೂ ಹಲವು, ಸಾಹಸ ಕ್ರೀಡೆಗಳನ್ನು ಷರತ್ತಿನಲ್ಲೇ ಹೊರಗಿಟ್ಟಿರುತ್ತವೆ. ಪಾಲಿಸಿಯ ಆ ಪುಟವನ್ನು ಹೊರಡುವ ಮೊದಲು ಓದಿ. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಅಪಘಾತ ಮರಣಕ್ಕೆ 2 ಲಕ್ಷ ಇದೆ. ಹದಿನೆಂಟು ತುಂಬಿದ ಮಕ್ಕಳ ಖಾತೆಯಲ್ಲೂ ಅದನ್ನು ಶುರು ಮಾಡಿಸಿ, ಪ್ರವಾಸಕ್ಕೆ ಹೋಗಲಿ ಬಿಡಲಿ.

ಯಾವಾಗ ಹೋಗಬೇಕು? ಮಳೆಗಾಲದಲ್ಲಿ ಬೋಟು ಇಲ್ಲ. ಅಕ್ಟೋಬರ್‌ನಿಂದ ಮೇವರೆಗೆ ಹಂಗಾಮು. ಅದರೊಳಗೆ ಕ್ರಿಸ್‌ಮಸ್ ವಾರವನ್ನೂ ಉದ್ದನೆಯ ವಾರಾಂತ್ಯಗಳನ್ನೂ ಬಿಟ್ಟುಬಿಡಿ. ಬಸ್ಸು, ರೂಮು, ಟ್ಯಾಕ್ಸಿ ಮೂರೂ ಒಟ್ಟಿಗೆ ಏರುವ ದಿನಗಳು ಅವು, ದ್ವೀಪದ ಸುತ್ತ ಬೋಟುಗಳೂ ಒತ್ತಾಗಿ ನಿಂತಿರುತ್ತವೆ. ಬೆಂಗಳೂರು–ಕಾರವಾರದ ರಾತ್ರಿ ರೈಲು ಬೆಳಗಾಗುವಷ್ಟರಲ್ಲಿ ಕರಾವಳಿಗೆ ಮುಟ್ಟಿಸುತ್ತದೆ, ಸೀಟು ಬೇಗ ತುಂಬುತ್ತದೆ. ಜನವರಿಯ ಮಂಗಳವಾರವೋ ಬುಧವಾರವೋ ಒಂದು ರಜೆ ಹಾಕಿದರೆ ಆ ರಜೆಯೇ ನಿಮಗೆ ಸಿಗುವ ಅತಿ ದೊಡ್ಡ ರಿಯಾಯಿತಿ.

ಮನೆಯಲ್ಲಿ ಹಿರಿಯರೇ ಹೆಚ್ಚಿದ್ದು, ನೀರಿಗಿಳಿಯುವವರು ಒಬ್ಬಿಬ್ಬರೇ ಆದರೆ ನೇತ್ರಾಣಿ ಬೇಡ, ಉಡುಪಿಗೆ ಹೋಗಿ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟಿನ ದರ ಕೆಲವೇ ನೂರು ರೂಪಾಯಿ, ದಾರಿಯೂ ಚಿಕ್ಕದು. ಅಲ್ಲಿ ಇಳಿದು ನಡೆದಾಡಬಹುದು. ಲಾವಾ ತಣ್ಣಗಾಗಿ ಕಂಬಕಂಬವಾಗಿ ನಿಂತ ಬಂಡೆಗಳನ್ನು ನೋಡುವುದಕ್ಕೆ ಮಾಸ್ಕೂ ಬೇಡ, ಮಾತ್ರೆಯೂ ಬೇಡ.