ಮೊದಲು ಪರೀಕ್ಷೆ, ಆಮೇಲೆ ವಾಕಿಟಾಕಿ

ನಮ್ಮ ತಿಪಟೂರು ಸೀಮೆಯ ಹತ್ಯಾಳು ಬೆಟ್ಟಕ್ಕೋ ಮದಲಿಂಗನ ಕಣಿವೆಗೋ ಗುಂಪು ಕಟ್ಟಿಕೊಂಡು ಹೊರಟವರಿಗೆ ಕೈಯಲ್ಲೊಂದು ವಾಕಿಟಾಕಿ ಇರಬೇಕೆನಿಸುವುದು ಸಹಜ. ಮೊಬೈಲ್ ಸಿಗ್ನಲ್ ಸಿಗದ ತಗ್ಗಿನಲ್ಲಿ ಹಿಂದೆ ಉಳಿದವರನ್ನು ಕರೆಯಲು ಅದು ಒಳ್ಳೆಯ ಸಾಧನವೇ. ಆದರೆ ಪರವಾನಗಿ ಇಲ್ಲದೆ ಅಂಥ ಸೆಟ್ಟನ್ನು ಮನೆಯಲ್ಲಿ ಇಟ್ಟುಕೊಂಡರೂ ತಪ್ಪು. ಅದರಲ್ಲಿ ಒಂದು ಮಾತನ್ನೂ ಆಡದಿದ್ದರೂ ತಪ್ಪೇ. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಹೇಳಿದ್ದು ಇದನ್ನೇ. 2023ರ ದೂರಸಂಪರ್ಕ ಕಾಯ್ದೆಯ 3ನೇ ಕಲಂ ಕೂಡ ರೇಡಿಯೊ ಉಪಕರಣ ಹೊಂದುವುದಕ್ಕೆ ಕೇಂದ್ರ ಸರ್ಕಾರದ ಅನುಮತಿ ಬೇಕೆನ್ನುತ್ತದೆ.

ಇದಕ್ಕೆ ವಿನಾಯಿತಿಯೂ ಉಂಟು. 446.0ರಿಂದ 446.2 ಮೆಗಾಹರ್ಟ್ಸ್‌ನಲ್ಲಿ ಮಾತ್ರ ಕೆಲಸ ಮಾಡುವ ಕಡಿಮೆ ಶಕ್ತಿಯ ವಾಕಿಟಾಕಿಗೆ 2018ರ ನಿಯಮಗಳ ಪ್ರಕಾರ ಪರವಾನಗಿ ಬೇಕಿಲ್ಲ. ಆದರೆ ಆ ಮಾದರಿಗೆ ಇಟಿಎ ಎಂಬ ಸರ್ಕಾರಿ ಅನುಮೋದನೆ ಇರಲೇಬೇಕು. ಈ ವಿವರಗಳನ್ನು ಮುಚ್ಚಿಟ್ಟು ವಾಕಿಟಾಕಿ ಮಾರಿದ ಇ-ಕಾಮರ್ಸ್ ಜಾಲತಾಣಗಳಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರ ಮೇ ತಿಂಗಳಲ್ಲಿ 13 ನೋಟಿಸು ಕೊಟ್ಟಿತು. ನಿಮಗೂ ಹಾಗೆ ಮಾರಿದ್ದರೆ 1915ಕ್ಕೆ ಕರೆ ಮಾಡಿ. ತುಮಕೂರಿನ ಜಿಲ್ಲಾ ಗ್ರಾಹಕರ ಆಯೋಗಕ್ಕೂ ದೂರು ಕೊಡಬಹುದು; ಕೊಟ್ಟ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ.

ಪರವಾನಗಿ ಬೇಡದ ಈ ಪುಟ್ಟ ಸೆಟ್ಟು ತೆಂಗಿನ ತೋಟಗಳ ನಡುವೆ ಬಹಳ ದೂರ ಕೇಳಿಸದು. ದೂರ ಮಾತಾಡುವ ಆಸೆಯಿದ್ದರೆ ಪರೀಕ್ಷೆ ಬರೆದು ಹ್ಯಾಮ್, ಅಂದರೆ ಪರವಾನಗಿ ಪಡೆದ ಹವ್ಯಾಸಿ ರೇಡಿಯೊ ಬಳಕೆದಾರ, ಆಗುವುದೇ ಸರಿಯಾದ ದಾರಿ, ಮತ್ತು ಅದು ಎಲ್ಲರಿಗೂ ತೆರೆದ ದಾರಿ. 12 ವರ್ಷ ತುಂಬಿದ ಶಾಲಾ ಹುಡುಗಿಯೂ ಪರೀಕ್ಷೆಗೆ ಕೂರಬಹುದು. ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಆ ದಿನದ ಶುಲ್ಕ, ದಾಖಲೆಗಳ ವಿವರ ಅಲ್ಲೇ ನೋಡಿಕೊಳ್ಳಿ. ನಮಗೆ ಹತ್ತಿರದ ಪರೀಕ್ಷಾ ಕೇಂದ್ರ ಬೆಂಗಳೂರು, ತಿಪಟೂರಿನಿಂದ ರೈಲು ಹತ್ತಿದರಾಯಿತು. ಪ್ರಶ್ನೆಗಳು ರೇಡಿಯೊ ತತ್ವ ಮತ್ತು ನಿಯಮಗಳ ಮೇಲೆ. ಪರವಾನಗಿಯ ರಿಸ್ಟ್ರಿಕ್ಟೆಡ್ ದರ್ಜೆಗೆ ಮೋರ್ಸ್ ಸಂಕೇತ ಬೇಡ. ಜನರಲ್ ದರ್ಜೆಗೆ ಬೇಕು. 1959ರಲ್ಲಿ ಶುರುವಾದ ಬೆಂಗಳೂರು ಅಮೆಚೂರ್ ರೇಡಿಯೊ ಕ್ಲಬ್‌ನಂಥ ಹಳೆಯ ಸಂಘದವರನ್ನು ಕೇಳಿದರೆ ಓದು ಹಗುರವಾಗುತ್ತದೆ.

ಪಾಸಾದೊಡನೆ ಸೆಟ್ ಕೊಳ್ಳಬೇಡಿ. ಕೈಗೆ ಬಂದದ್ದು ಪ್ರಮಾಣಪತ್ರ ಮಾತ್ರ. ಹಿನ್ನೆಲೆ ಪರಿಶೀಲನೆ ಮುಗಿದು ಪರವಾನಗಿ, ಜೊತೆಗೆ ವಿಯು ಅಕ್ಷರಗಳಿಂದ ಶುರುವಾಗುವ ಕರೆಸಂಕೇತ ಬರಬೇಕು. ತಿಂಗಳುಗಟ್ಟಲೆ ಸುದ್ದಿಯೇ ಇಲ್ಲದಿದ್ದರೆ ಮಾಹಿತಿ ಹಕ್ಕು ಕಾಯ್ದೆಯ 6ನೇ ಕಲಂ ಪ್ರಕಾರ 10 ರೂಪಾಯಿ ಶುಲ್ಕ ಕಟ್ಟಿ, ಅರ್ಜಿ ಯಾವ ಹಂತದಲ್ಲಿದೆ ಎಂದು ಕೇಳಿ. 30 ದಿನದೊಳಗೆ ಉತ್ತರ ಬರಬೇಕು. ಬಾರದಿದ್ದರೆ ಮೊದಲ ಮೇಲ್ಮನವಿ ಹಾಕಲು ಮತ್ತೆ 30 ದಿನ ಇರುತ್ತದೆ.

ಪರವಾನಗಿ ಬಂದ ಮೇಲೂ ಮಿತಿಯಿದೆ. ಎಪಿಎಂಸಿಯ ಕೊಬ್ಬರಿ ಧಾರಣೆ ತಿಳಿಸಿ ವ್ಯಾಪಾರ ಕುದುರಿಸುವಂತಿಲ್ಲ, ಹಾಡು ಬಿತ್ತರಿಸುವಂತಿಲ್ಲ, ಗುಪ್ತ ಸಂಕೇತದಲ್ಲಿ ಮಾತಾಡುವಂತಿಲ್ಲ. ಕರೆಸಂಕೇತ ಹೇಳಿಯೇ ಮಾತಾಡಬೇಕು, ಲಾಗ್‌ಬುಕ್ ಬರೆಯಬೇಕು. ಕೈಸೆಟ್ಟಿಗೆ ಹೆಚ್ಚು ಬಳಕೆಯಾಗುವುದು 144ರಿಂದ 146 ಮೆಗಾಹರ್ಟ್ಸ್. ಎಷ್ಟೋ ಅಗ್ಗದ ಸೆಟ್ಟುಗಳು ಈ ಗಡಿ ದಾಟಿ ಪೊಲೀಸರ ತರಂಗಗಳವರೆಗೂ ಹೋಗುತ್ತವೆ. ಅಲ್ಲಿ ಗುಂಡಿ ಒತ್ತಲೇಬೇಡಿ.

ಆಂಟೆನಾ ವಿಷಯದಲ್ಲಿ ಮಾತ್ರ ನಮ್ಮ ಸೀಮೆ ಪುಣ್ಯ ಮಾಡಿದೆ. 7 ಮೆಗಾಹರ್ಟ್ಸ್‌ನ ಡೈಪೋಲ್ ತಂತಿಗೆ ಸುಮಾರು 66 ಅಡಿ ಉದ್ದ ಬೇಕು. 30 ಅಡಿಗೊಂದರಂತೆ ನೆಟ್ಟ ಸಾಲಿನಲ್ಲಿ ನಾಲ್ಕು ತೆಂಗಿನ ಮರ ಹಿಡಿದರೆ ಸಾಕು. ತೋಟದ ಯಜಮಾನರನ್ನು ಕೇಳಿಕೊಂಡು ಕಟ್ಟಿ, ಪಂಪ್‌ಸೆಟ್ಟಿನ ಕರೆಂಟು ತಂತಿಯಿಂದ ದೂರದಲ್ಲಿ.